ಸುದ್ದಿ ಒಯ್ಯುವವನ ಮುಖ

“ಈಗ ಇವರ ಸುದ್ದಿ ಯಾರು ಒಯ್ಯಬೇಕು?”

ಗಂಡನ ಗದ್ದಕ್ಕೆ ಕಟ್ಟಿದ ಪಟ್ಟಿಯ ಗಂಟನ್ನು ಬಿಗಿ ಮಾಡುತ್ತ ಭೀಮಕ್ಕ ಕೇಳಿದಳು. ಯಾರ ಕಡೆಗೂ ತಿರುಗಿ ಕೇಳಿದ್ದಲ್ಲ. ಗಂಟು ಜಾರಿತು, ಮತ್ತೆ ಹಾಕಿದಳು. ಒಳಗೆ ಹೆಂಗಸರು ಕೂತಿದ್ದರು, ಬಾಗಿಲಲ್ಲಿ ಮಗ ತಿಪ್ಪೇಶಪ್ಪ ನಿಂತಿದ್ದ.

ನ್ಯಾಮತಿಯಿಂದ ನಾಲ್ಕು ಮೈಲಿ ಒಳಗಿರುವ ಕರೇಕಲ್ಲಹಳ್ಳಿಯಲ್ಲಿ ಯಾರ ಮನೆಯಲ್ಲಿ ಸಾವಾದರೂ ನೆಂಟರ ಊರುಗಳಿಗೆ ಸುದ್ದಿ ಮುಟ್ಟಿಸುವ ಕೆಲಸ ಕೇರಿಯ ಒಂದೇ ಮನೆಯದು. ಚಿಕ್ಕಹನುಮಂತಪ್ಪನ ಅಜ್ಜ ಒಯ್ದ, ಅಪ್ಪ ಒಯ್ದ, ಆಮೇಲೆ ಮೂವತ್ತೈದು ವರ್ಷ ಅವನೇ ಒಯ್ದ. ಹೊನ್ನಾಳಿಗೆ, ಚನ್ನಗಿರಿಗೆ, ಸಂತೇಬೆನ್ನೂರಿಗೆ, ಜಗಳೂರಿನಷ್ಟು ದೂರಕ್ಕೆ. ಮೊದಲು ಕಾಲ್ನಡಿಗೆ, ಆಮೇಲೆ ಬಸ್ಸು. ಊರಿನ ಸಾವುಗಳನ್ನೆಲ್ಲ ಹೊತ್ತು ತಿರುಗಿದ ಆ ಮನುಷ್ಯ ನಿನ್ನೆ ದೀಪ ಹಚ್ಚುವ ಹೊತ್ತಿಗೆ, ಮೂರು ದಿನದ ಎದೆನೋವಿನ ಕೊನೆಗೆ, ತನ್ನ ಮನೆಯ ಚಾಪೆಯ ಮೇಲೆ ಕಣ್ಣು ಮುಚ್ಚಿದ್ದ.

“ಯಾರಿಗೆ ಒಯ್ಯಬೇಕವ್ವ?” ಎಂದಳು ಪಕ್ಕದ ಮನೆಯ ಮುದುಕಿ ಮೂಕಮ್ಮ. “ಕೇರಿಯೋರು ಎಲ್ಲಾ ಇಲ್ಲೇ ಅದೀವಿ. ಗೋವಿನಕೋವಿಯ ನಿನ್ನ ತಮ್ಮಗೆ ಹೇಳಾಕೆ ಸೈಕಲ್ ಮ್ಯಾಲೆ ಹೋಗ್ಯಾರೆ. ಇನ್ನು ಆ ಊರೂರಿನ ದೊಡ್ಡೋರು? ಅವರ ಮನೆ ಸಾವು ಇವ ಹೇಳ್ದ. ಇವನ ಸಾವು ಕೇಳಾಕೆ ಅವರೇನು ಕಿವಿ ತೊಳ್ಕಂಡು ಕೂತಾರಾ?”

“ಉಪದೇಶಿಗಳಿಗೆ ಹೇಳಿ ಕಳ್ಸೀನಿ,” ಎಂದ ತಿಪ್ಪೇಶಪ್ಪ. ನಿನ್ನೆ ಸಂಜೆ ನ್ಯಾಮತಿಗೆ ಓಡಿ, ಹೊನ್ನಾಳಿಗೆ ಹೋಗುವ ಕಡೆಯ ಬಸ್ಸಿನ ಕಂಡಕ್ಟರ್ ಚಿತ್ತಪ್ಪನ ಕೈಯಲ್ಲಿ ಮಾತು ಕಳಿಸಿದ್ದ. ಕಿರಿಸ್ತಾನರ ಪ್ರಾರ್ಥನಾ ಮನೆಯ ದೇವಮಿತ್ರಪ್ಪನವರಿಗೆ ಹೇಳಿ, ಅಪ್ಪ ಹೋದರು ಅಂತ. ಅವನ ಕೈಲಿ ಆದದ್ದು ಅಷ್ಟೇ.

ಹೊರಗೆ ಯಾರೋ ಕೆಮ್ಮಿದರು. ಕೇರಿಯ ಬಾಯಲ್ಲಿ, ಬೇವಿನ ಮರದ ನೆರಳು ಎಲ್ಲಿಗೆ ಮುಗಿಯುತ್ತದೋ ಅಲ್ಲಿ ಮುರುಗೇಶಪ್ಪ ಗೌಡರು ಕೊಡೆ ಹಿಡಿದು ನಿಂತಿದ್ದರು. ತಿಪ್ಪೇಶಪ್ಪ ಓಡಿದ.

“ಲೇ ತಿಪ್ಪ, ಆಗಬಾರದಾಗಿತ್ತು. ಒಳ್ಳೆ ಮನುಷ್ಯ ನಿಮ್ಮಪ್ಪ,” ಎಂದರು ಗೌಡರು. ಸುಳ್ಳು ಹೇಳುವ ದನಿಯಾಗಿರಲಿಲ್ಲ. “ನೋಡು, ನಮ್ಮವ್ವಂದು ಇವತ್ತೋ ನಾಳೆಯೋ ಅನ್ನಂಗೈತೆ. ವಾರದಿಂದ ಗಂಜೀನೂ ಇಳೀತಿಲ್ಲ. ಸುದ್ದಿ ಒಯ್ಯೋದು ಇನ್ಮ್ಯಾಲೆ ನಿಂದು. ಜಗಳೂರಿಗೆ ನಮ್ಮಕ್ಕನ ಮನೆ, ಆಮ್ಯಾಲೆ ಚನ್ನಗಿರಿ, ಸಂತೇಬೆನ್ನೂರು. ಮಣ್ಣು ಮುಗಿಸ್ಕಂಡು ಮನೆ ತಾವ ಬಾ. ಎಲ್ಲೆಲ್ಲಿ ಅಂತ ಹೇಳ್ತೀನಿ.”

ತಿಪ್ಪೇಶಪ್ಪನ ತಲೆ ಹ್ಞೂ ಎಂಬಂತೆ ತನ್ನಷ್ಟಕ್ಕೆ ತಾನೇ ಆಡಿತು. ಗೌಡರು ಅದನ್ನು ನೋಡಿಕೊಂಡು, ಕೊಡೆ ತಿರುಗಿಸಿ ಹೊರಟರು.

“ತಲೆ ಆಡಿಸಿದೆಯಲ್ಲೋ!” ಹಿಂದಿನಿಂದಲೇ ಬಂದಿದ್ದ ಮೂಕಮ್ಮ ಹಲ್ಲು ಕಚ್ಚಿದಳು. “ನಿಮ್ಮಪ್ಪನ ಮೈ ಇನ್ನೂ ಮನಿಯಾಗೈತೆ.”

“ಏನು ಮಾಡ್ಲಿ ಅಜ್ಜಿ? ಮಿಷನ್ನು ಅವರ ಜಗಲಿ ಮ್ಯಾಲೈತೆ.”

ನ್ಯಾಮತಿಯ ಪೇಟೆಯಲ್ಲಿ ಗೌಡರದೊಂದು ಮಳಿಗೆ. ಅದರ ಜಗಲಿಯ ಮೂಲೆಯಲ್ಲಿ ತಿಪ್ಪೇಶಪ್ಪನ ಹೊಲಿಗೆ ಯಂತ್ರ. ಅಲ್ಲಿಂದ ಎಬ್ಬಿಸಿದರೆ ಕೇರಿಯ ಹುಡುಗನಿಗೆ ಆ ಪೇಟೆಯಲ್ಲಿ ಇನ್ನೊಂದು ಜಗಲಿ ಸಿಗುತ್ತದೆಂಬ ಭರವಸೆ ಅವನಿಗಿರಲಿಲ್ಲ. ಇಪ್ಪತ್ತೆಂಟು ವರ್ಷದ ಅವನು ಗೌಡರಿಗೆ ಈವರೆಗೆ ಒಮ್ಮೆಯೂ ಇಲ್ಲ ಎಂದವನಲ್ಲ.

*

ಎಪ್ಪತ್ತೆರಡನೆಯ ಇಸವಿಯ ಬೇಸಿಗೆ. ಆಗ ಸುದ್ದಿ ಒಯ್ಯುವವನಿಗೆ ಮೂರು ಕಟ್ಟುಗಳಿದ್ದವು. ಅಂಗಳದ ಅಂಚು ದಾಟಬಾರದು. ದೊಡ್ಡವರ ಹೆಸರನ್ನು ಬಾಯಲ್ಲಿ ಎತ್ತಬಾರದು. ಯಾರ ಮುಖವನ್ನೂ ನೋಡಬಾರದು. ತಿಪ್ಪೆಯ ಪಕ್ಕ ತಲೆ ಬಗ್ಗಿಸಿ ನಿಂತು, ಕೂಗಿ ಹೇಳಿ, ಪಂಚೆಯ ಸೆರಗಿಗೆ ಮೇಲಿನಿಂದ ಸುರಿದ ಜೋಳ ಕಟ್ಟಿಕೊಂಡು ಬರಬೇಕು. ಅವನು ನಿಂತ ಜಾಗಕ್ಕೆ ಆಮೇಲೆ ನೀರು ಹಾಕುತ್ತಿದ್ದರು.

ಹಾಗಾಗಿ ಹನುಮಂತಪ್ಪನಿಗೆ ಮನೆಗಳ ಗುರುತು ಸಿಗುತ್ತಿದ್ದದ್ದು ನೆಲದ ಮಟ್ಟದಲ್ಲಿ. ಈ ಮನೆಗೆ ಮೂರು ಮೆಟ್ಟಿಲು, ಆ ಮನೆಗೆ ಮುರುಕು ಬಾನಿ, ಇನ್ನೊಂದರ ಮುಂದೆ ಎತ್ತು ಕಟ್ಟುವ ಗೂಟ. ನೂರಾರು ಮನೆಗಳನ್ನು ಅವನು ಬಲ್ಲ. ಒಂದು ಮನೆಯ ಯಜಮಾನನ ಮೂಗು ಹೇಗಿದೆ ಎಂದು ಕೇಳಿದರೆ ತಿಳಿಯದು.

ಗೌಡರ ಮನೆಗೆ ಬಂದಿದ್ದ ಅಳಿಯ, ಸಂತೇಬೆನ್ನೂರಿನ ಪ್ರೇಮಮ್ಮನ ಮಗ, ಸಂಜೆ ಹುಲ್ಲಿನ ಬಣವೆಯ ಹತ್ತಿರ ಹಾವು ಕಚ್ಚಿ ಹೋದ. ಮರುದಿನ ಮಧ್ಯಾಹ್ನದೊಳಗೆ ಹನುಮಂತಪ್ಪ ಸಂತೇಬೆನ್ನೂರು ಮುಟ್ಟಿದ. ಪ್ರೇಮಮ್ಮನ ಮನೆಯ ಗುರುತು, ಮೆಟ್ಟಿಲ ಎಡಕ್ಕೆ ಹೂತ ಒರಳುಕಲ್ಲು. ಆ ಕಲ್ಲು ಕಂಡಿತು. ನಿಂತ. ಕೂಗಿದ.

“ಅವ್ವಾ, ನ್ಯಾಮತಿ ಕಡಿಂದ ಬಂದೀನಿ. ನಿಮ್ಮ ಮಗ ನಿನ್ನೆ ಹೊತ್ತು ಮುಳುಗೋ ಮುಂದೆ ತೀರ್ಕಂಡ್ರು.”

ಒರಳನ್ನು ಪ್ರೇಮಮ್ಮ ಹಿಂದಿನ ತಿಂಗಳಷ್ಟೇ ಪಕ್ಕದ ಮನೆಯ ಶಂಕ್ರಮ್ಮನಿಗೆ ಕೊಟ್ಟಿದ್ದಳು; ಅದೀಗ ಶಂಕ್ರಮ್ಮನ ಮೆಟ್ಟಿಲ ಪಕ್ಕದಲ್ಲಿತ್ತು. ಶಂಕ್ರಮ್ಮನ ಮಗ ವಿರೂಪಾಕ್ಷಪ್ಪನೂ ನ್ಯಾಮತಿಯ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದ. ಒಳಗೆ ಕಿರುಚು ಎದ್ದಿತು. ಸೊಸೆ ಹೊಸ್ತಿಲಿಗೆ ಕೈ ಬಡಿದು ಬಳೆ ಒಡೆದುಕೊಂಡಳು. ಬಳೆಯ ಚೂರೊಂದು ಹಾರಿ ಹನುಮಂತಪ್ಪನ ಕಾಲ ಹತ್ತಿರ ಬಿತ್ತು. ಅದನ್ನೇ ನೋಡುತ್ತ ನಿಂತಿದ್ದನೇ ಹೊರತು ಅವನು ತಲೆ ಎತ್ತಲಿಲ್ಲ.

ಪಕ್ಕದ ಮನೆಯಿಂದ ಪ್ರೇಮಮ್ಮ ಓಡಿ ಬಂದಳು. ಗೆಳತಿಯ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಬೆನ್ನು ಸವರುತ್ತ, “ಅಳಬ್ಯಾಡ, ಕೊಟ್ಟೋನೇ ಒಯ್ದ” ಎಂದು ಮೂರು ತಾಸು ಸಮಾಧಾನ ಹೇಳಿದಳು.

ಗಾಡಿ ಹುಡುಕಲು ಬಸ್‌ಸ್ಟ್ಯಾಂಡಿಗೆ ಹೋದ ಗಂಡಸರಿಗೆ ಎದುರಾದದ್ದು, ಕೈಯಲ್ಲಿ ಚೀಲ ಹಿಡಿದು ಬಸ್ಸಿನಿಂದ ಇಳಿಯುತ್ತಿದ್ದ ವಿರೂಪಾಕ್ಷಪ್ಪನೇ.

ಚನ್ನಗಿರಿಯ ದಾರಿಯಲ್ಲಿ ಹನುಮಂತಪ್ಪನನ್ನು ಹಿಡಿದು ಹೊಡೆದರು. ಸತ್ತವರು ಯಾರೆಂದು ಕೇಳಿದಾಗ ಅವನು ಹೆಸರು ಹೇಳಲಾರದೆ, “ಕರೇಕಲ್ಲಹಳ್ಳಿ ಗೌಡ್ರ ಅಳಿಯ” ಎಂದ. ಹೊಡೆಯುತ್ತಿದ್ದ ಕೈಗಳು ನಿಂತವು.

ಪ್ರೇಮಮ್ಮ ಕರೇಕಲ್ಲಹಳ್ಳಿ ಮುಟ್ಟುವಷ್ಟರಲ್ಲಿ ಬೇಸಿಗೆಯ ಹೆಣ ಇಟ್ಟುಕೊಳ್ಳಲಾಗದೆ ಮಣ್ಣು ಮುಚ್ಚಿ ಆಗಿತ್ತು. ಮಗನ ಮುಖ ಅವಳಿಗೆ ಸಿಗಲಿಲ್ಲ.

*

“ಮರುದಿನ ಬೆಳಿಗ್ಗೆ ನಾನು ಇವನ್ನ ಮೊದಲು ಕಂಡದ್ದು,” ಎಂದರು ಉಪದೇಶಿ ದೇವಮಿತ್ರಪ್ಪ.

ಹನ್ನೊಂದರ ಬಸ್ಸಿಗೆ ಅವರು ಬಂದಿದ್ದರು. ಬಸ್ಸಿನ ಮೇಲೆ ಹಗ್ಗ ಬಿಗಿದು ತಂದ ಹಲಗೆಯ ಶವಪೆಟ್ಟಿಗೆಯನ್ನು ಎತ್ತಿನ ಗಾಡಿಯೊಂದು ನ್ಯಾಮತಿಯಿಂದ ಕೇರಿಗೆ ಹೊತ್ತು ತಂದಿತ್ತು. ಎಪ್ಪತ್ತು ದಾಟಿದ ಉಪದೇಶಿಗಳು ಹೆಣದ ಪಕ್ಕ ಚಾಪೆಯ ಮೇಲೆ ಮಂಡಿ ಮಡಿಸಿ ಕೂತು, ಕೇರಿಯ ಜನ ಕೊಟ್ಟ ಕಪ್ಪು ಚಹಾ ಹಿಡಿದು ಮಾತಾಡುತ್ತಿದ್ದರು.

“ಚನ್ನಗಿರಿ ಬಸ್‌ಸ್ಟ್ಯಾಂಡಿನ ನಲ್ಲಿಯಾಗೆ ಮುಖದ ರಕ್ತ ತೊಳ್ಕಂತಿದ್ದ. ಯಾರಪ್ಪಾ ಹೊಡೆದ್ರು, ಮುಖ ಎತ್ತು ನೋಡಾನ ಅಂದೆ. ‘ಎತ್ತಿದ್ರೆ ಹೊಡೀತಾರೆ ಸ್ವಾಮೇರ’ ಅಂದ. ಎತ್ತದೆ ಇದ್ದಿದ್ದಕ್ಕೂ ಹೊಡೆದರಲ್ಲೋ ಅಂದೆ.”

ಭೀಮಕ್ಕನ ಬಾಯಂಚಿನಲ್ಲಿ ಏನೋ ಹಾದುಹೋಯಿತು. “ಅದನ್ನ ಹೇಳ್ಕಂಡು ಹೇಳ್ಕಂಡು ನಗ್ತಿದ್ರು,” ಎಂದಳು.

“ಅವತ್ತು ನಗಲಿಲ್ಲವ್ವ. ಅವತ್ತು ಅವನು, ‘ನನ್ನಂಥೋನು ಹುಟ್ಟಲೇಬಾರದಾಗಿತ್ತು’ ಅಂದ. ಭಾನುವಾರ ಹೊನ್ನಾಳಿಗೆ ಬಾ ಅಂದೆ. ಬಂದ. ಬಾಗಿಲ ಹೊರಗೆ, ಚಪ್ಪಲಿ ಬಿಡೋ ತಾವ ಕೂತ. ಒಳಗೆ ಬಾ ಅಂದ್ರೆ ‘ಇಲ್ಲೇ ಕೇಳ್ತೈತೆ ರೀ’ ಅನ್ನೋನು. ಏಳು ತಿಂಗಳು ಅಲ್ಲೇ ಕೂತು ಕೇಳ್ದ.”

“ಓದು ಬರ್ತಿರಲಿಲ್ಲವಲ್ಲ,” ಎಂದ ತಿಪ್ಪೇಶಪ್ಪ.

“ಓದಿದ ನಮಗಿಂತ ಅವನ ಕಿವಿ ದೊಡ್ಡದಿತ್ತು. ಒಂದು ಸಲ ಹೇಳಿದ್ದನ್ನ ದಾರಿಯುದ್ದ ಬಾಯಿಪಾಠ ಮಾಡ್ಕಂತಾ ಬರೋನು. ಒಂದು ದಿನ, ದೇವರು ಮಣ್ಣಿನಿಂದ ಮನುಷ್ಯನ್ನ ಮಾಡಿ ಅವನ ಮೂಗಿನೊಳಗೆ ಉಸಿರು ಊದಿದ ಕಥೆ ಹೇಳಿದೆ. ಪ್ರಾರ್ಥನೆ ಮುಗೀತು. ಎಲ್ಲರೂ ಹೋದ್ರು. ಇವನು ಮಾತ್ರ ಚಪ್ಪಲಿ ತಾವ ಕೂತೇ ಅದಾನೆ. ‘ಸ್ವಾಮೇರ, ಒಂದು ಕೇಳಲಾ?’ ಅಂದ. ಕೇಳು ಅಂದೆ. ‘ಮೂಗಿನಾಗೆ ಉಸಿರು ಊದಬೇಕಂದ್ರೆ ದೇವರು ತನ್ನ ಮುಖಾನ ಅವನ ಮುಖದ ಹತ್ರಕ್ಕೆ ತಂದಿರಬೇಕಲ್ಲ?’”

ಉಪದೇಶಿಗಳು ಚಹಾ ಕೆಳಗಿಟ್ಟರು.

“ಮೂವತ್ತು ವರ್ಷ ಆ ಕಥೆ ಹೇಳೀನಿ. ನನಗೆ ಹೊಳೆದಿರಲಿಲ್ಲ. ಹೌದಪ್ಪ, ತಂದಿರಬೇಕು ಅಂದೆ. ‘ಅಂದ್ರೆ ನಮ್ಮಂಥೋರನ್ನ ದೇವರು ಮುಟ್ಟ್ಯಾನೆ. ಮುಟ್ಟಿ, ಇಷ್ಟು ಹತ್ರ ಬಂದು, ಕಣ್ಣಾಗೆ ಕಣ್ಣಿಟ್ಟು ನೋಡ್ಯಾನೆ.’ ಹಿಂಗಂದು ಎದ್ದು ನಿಂತ. ನಿಂತು, ಸೀದಾ ಒಳಗೆ ಬಂದ. ಮುಂದಿನ ಸಾಲಿನ ಚಾಪೆ ಮ್ಯಾಲೆ ಕೂತ. ಖಾಲಿ ಮನೆ, ನಾನೊಬ್ಬ, ಅವನೊಬ್ಬ. ಒಳಗೆ ಕೂತ್ರೆ ಹೆಂಗಿರ್ತೈತೆ ಅಂತ ಕೂತು ನೋಡಿದ.”

“ಆಮ್ಯಾಲೆ ಮನಿಯಾಗೆ ನನಗೆ ಕಾಟ ಶುರುವಾತು,” ಎಂದಳು ಭೀಮಕ್ಕ. “ಉಣ್ಣಾಕೆ ಕೂತ್ರೆ ನನ್ನ ಮುಖಾನೇ ನೋಡೋರು. ಏನ್ರೀ ಅದು, ವಯಸ್ಸಾತು, ನಾಚಿಕೆ ಆಗಲ್ಲೇನ್ರೀ ಅಂದ್ರೆ, ‘ಸುಮ್ನಿರು, ಮುಖ ನೋಡಿ ಮಾತಾಡೋದು ರೂಢಿ ಮಾಡ್ಕಂತಿದೀನಿ’ ಅನ್ನೋರು.”

“ನನ್ನ ಎಮ್ಮಿ ಮುಖಾನೂ ನೋಡ್ತಿದ್ದ,” ಎಂದಳು ಮೂಕಮ್ಮ. “ಅದು ನಾಕು ದಿನ ಹಾಲು ಕೊಡಲಿಲ್ಲ.”

ಸಾವಿನ ಮನೆಯಲ್ಲಿ ನಗು ಬಂತು. ಬಂದದ್ದನ್ನು ಯಾರೂ ತಡೆಯಲಿಲ್ಲ.

*

ಎರಡೂವರೆಗೆ ಪೆಟ್ಟಿಗೆಯ ಮುಚ್ಚಳ ಹಾಕಿ ಮೊಳೆ ಜೋಡಿಸಿಟ್ಟರು. ಭೀಮಕ್ಕನ ತಮ್ಮ ಸುತ್ತಿಗೆ ಎತ್ತುವಾಗ ಕೇರಿಯ ಬಾಯಲ್ಲಿ ಮಾತು ಕೇಳಿಸಿತು. ಒಬ್ಬಿಬ್ಬರದಲ್ಲ.

ತಿಪ್ಪೇಶಪ್ಪ ಹೊರಗೆ ಬಂದ. ಬೇವಿನ ಮರ ದಾಟಿ ಧೂಳಿನಲ್ಲಿ ಜನ ಬರುತ್ತಿದ್ದರು. ಮುಂದೆ ಖಾಕಿ ಅಂಗಿಯ ಕಂಡಕ್ಟರ್ ಚಿತ್ತಪ್ಪ. ಹಿಂದೆ ಪೇಟದ ಗಂಡಸರು, ಸೆರಗು ಹೊದ್ದ ಹೆಂಗಸರು, ವಿಭೂತಿ ಹಚ್ಚಿದ ಹಣೆಗಳು, ಮೂವತ್ತರ ಮೇಲಿದ್ದರು. ಮರದ ನೆರಳು ಮುಗಿಯುವಲ್ಲಿ ಯಾರೂ ನಿಲ್ಲಲಿಲ್ಲ.

“ನಾನೇನೂ ಮಾಡಲಿಲ್ಲಪ್ಪ,” ಎಂದ ಚಿತ್ತಪ್ಪ ಬೆವರು ಒರೆಸಿಕೊಳ್ಳುತ್ತ. “ಹೊನ್ನಾಳಿ ಸ್ಟ್ಯಾಂಡಿನಾಗೆ ಚನ್ನಗಿರಿ ಬಸ್ಸಿನೋನಿಗೆ ಹೇಳ್ದೆ. ಅವ ಬೆಳಿಗ್ಗೆ ಫಸ್ಟ್ ಟ್ರಿಪ್ಪಿನಾಗೆ ಸ್ಟಾಪು ಸ್ಟಾಪಿಗೂ ಹೇಳ್ಕಂತಾ ಹೋಗ್ಯಾನೆ. ಎಷ್ಟು ಸರ್ತಿ ಟಿಕೆಟ್ ಹರ್ದು ಕೊಟ್ಟೀನಿ ನಿಮ್ಮಪ್ಪಂಗೆ! ಯಾರ ಸುದ್ದಿ ಒಯ್ತಿದೀಯ ಯಜಮಾನ ಅಂದ್ರೆ ಬಾಯಿ ಬಿಡ್ತಿರಲಿಲ್ಲ. ‘ಮನಿಯೋರು ಮೊದಲು ಕೇಳಬೇಕು ಚಿತ್ತಪ್ಪ, ಆಮ್ಯಾಲೆ ನೀನು’ ಅನ್ನೋನು. ಬರಾಗ ಮಾತ್ರ ಹೇಳೋನು.”

ದಪ್ಪಗಿನ ಮುದುಕಿಯೊಬ್ಬಳು ಏದುಸಿರು ಬಿಡುತ್ತ ಮುಂದೆ ಬಂದು, ಒಳಗೆ ನೋಡಿ, ಭೀಮಕ್ಕನ ಕೈ ಹಿಡಿದಳು.

“ನೀನೇನವ್ವ ಅವನ ಹೆಂಡ್ತಿ? ನಾನು ಸಂತೇಬೆನ್ನೂರಿನ ಶಂಕ್ರಮ್ಮ. ನನ್ನ ಮಗನ್ನ ಸಾಯಿಸಿದೋನು ಇವನೇ.”

ಶಂಕ್ರಮ್ಮ ಪಕ್ಕದಲ್ಲಿದ್ದ ಡೊಳ್ಳುಹೊಟ್ಟೆಯ ಗಂಡಸನ್ನು ಮುಂದಕ್ಕೆ ನೂಕಿದಳು.

“ಇವನೇ ನೋಡು ಆ ಸತ್ತ ಮಗ. ಸತ್ತ ಮ್ಯಾಲೆ ನಾಕು ಮಕ್ಕಳು ಮಾಡ್ಯಾನೆ.”

“ಅವ್ವಾ, ಸಾವಿನ ಮನಿಯಾಗೆ ಎಂಥ ಮಾತು,” ಎಂದ ವಿರೂಪಾಕ್ಷಪ್ಪ. ಆಮೇಲೆ ತಿಪ್ಪೇಶಪ್ಪನ ಕಡೆ ತಿರುಗಿ ತಗ್ಗಿದ ದನಿಯಲ್ಲಿ, “ಅವತ್ತು ಹೊಡೆದೋರಾಗೆ ನಾನೂ ಒಬ್ಬ. ನಿಮ್ಮಪ್ಪಂಗೆ ಹೇಳೀನಿ. ನಿಮಗೂ ಹೇಳಬೇಕು ಅನ್ನಿಸ್ತು,” ಎಂದ.

ಅವರ ಹಿಂದೆ ಬಿಳಿ ಸೀರೆಯ ಬಡಕಲು ಮುದುಕಿ ನಿಂತಿದ್ದಳು. ಅವಳು ಯಾರಿಗೂ ಏನೂ ಹೇಳದೆ ಹೊಸ್ತಿಲು ದಾಟಿ ಒಳಗೆ ಬಂದು ಪೆಟ್ಟಿಗೆಯ ಹತ್ತಿರ ನಿಂತಳು.

“ಮುಚ್ಚಳ ತಗೀರಿ,” ಎಂದಳು. “ನನಗೆ ಮುಖ ನೋಡಬೇಕು.”

ಸುತ್ತಿಗೆ ಹಿಡಿದವನು ಉಪದೇಶಿಗಳ ಕಡೆ ನೋಡಿದ. ಉಪದೇಶಿಗಳು ಆ ಮುದುಕಿಯನ್ನು ನೋಡಿ, “ಪ್ರೇಮಮ್ಮಾರಾ?” ಎಂದರು. ಅವಳು ಹೌದೆಂಬಂತೆ ಕಣ್ಣು ಮುಚ್ಚಿ ತೆರೆದಳು. ತಿಪ್ಪೇಶಪ್ಪ ತಾನೇ ಬಗ್ಗಿ ಮುಚ್ಚಳ ಎತ್ತಿದ.

*

ಎಪ್ಪತ್ತನಾಲ್ಕರ ಶ್ರಾವಣದಲ್ಲಿ ಹನುಮಂತಪ್ಪ ಯಾರೂ ಕಳಿಸದೆ ಸಂತೇಬೆನ್ನೂರಿಗೆ ಹೋಗಿದ್ದ. ಅಂಗಳದ ಅಂಚಿನಲ್ಲಿ ಕಾಲು ಒಂದು ಗಳಿಗೆ ತಡೆಯಿತು. ಆಮೇಲೆ ದಾಟಿತು. ಪ್ರೇಮಮ್ಮ ಮೆಟ್ಟಿಲ ಮೇಲೆ ಕೂತು ಮೊರದಲ್ಲಿ ಅವರೆ ಆರಿಸುತ್ತಿದ್ದಳು.

“ಅವ್ವಾ,” ಎಂದ. ತಲೆ ಎತ್ತಿದ. ಅವಳಿಗೆ ಎಡಗಣ್ಣಿನ ಕೆಳಗೆ ಒಂದು ಮಚ್ಚೆಯಿತ್ತು. ಇಪ್ಪತ್ತು ವರ್ಷದಲ್ಲಿ ಆ ಮನೆಗೆ ಎಂಟು ಸಾವಿನ ಸುದ್ದಿ ತಂದವನಿಗೆ ಅದು ಅಂದು ಕಂಡಿತು. “ನಾನು ಸುದ್ದಿ ಒಯ್ಯೋ ಚಿಕ್ಕಹನುಮಂತಪ್ಪ. ಎರಡು ವರ್ಷದ ಹಿಂದೆ ನಿಮ್ಮ ಮುಖ ನೋಡಿ ಹೇಳಬೇಕಾದ ಮಾತನ್ನ ಬ್ಯಾರೆ ಬಾಗಿಲಾಗೆ ಹೇಳಿಬಿಟ್ಟೆ. ಇವತ್ತು ಹೇಳಾಕೆ ಬಂದೀನಿ. ಬೈಯೋದಿದ್ರೆ ಆಮ್ಯಾಲೆ ಬೈರಿ. ಮೊದಲು ಕೇಳ್ರಿ.”

ಮೊರ ಅವಳ ತೊಡೆಯ ಮೇಲೆ ನಿಂತಿತು.

“ನಿಮ್ಮ ಮಗ ಶಿವಾನಂದಪ್ಪ,” ಎಂದ. ಆ ಹೆಸರು ಅವನ ಬಾಯಲ್ಲಿ ಮೊದಲ ಸಲ ಬಂತು. “ಹಾವು ಕಚ್ಚಿದ ಮ್ಯಾಲೆ ಎರಡು ತಾಸು ಇದ್ರು. ನಾನೇ ಕಾಲಿಗೆ ಹಗ್ಗ ಕಟ್ಟಿದ್ದು. ಆಗ ಮುಟ್ಟಬ್ಯಾಡ ಅನ್ನಾಕೆ ಯಾರಿಗೂ ನೆನಪಿರಲಿಲ್ಲ. ಹೆದರಲಿಲ್ಲ ಅವರು. ನೀರು ಕೇಳಿದ್ರು, ಕುಡಿದ್ರು. ‘ಅವ್ವಂಗೆ ಹೇಳು, ನನಗೆ ನೋವಿಲ್ಲ’ ಅಂದ್ರು. ಅದು ನನ್ನ ಕೈಗೆ ಕೊಟ್ಟ ಮಾತು. ನಾನು ಒಯ್ಯಲಿಲ್ಲ.”

ಪ್ರೇಮಮ್ಮ ಬೈಯಲಿಲ್ಲ. ಅಳಲೂ ಇಲ್ಲ. ತುಂಬ ಹೊತ್ತು ಅವನ ಮುಖವನ್ನೇ ನೋಡಿದಳು, ಅಲ್ಲಿ ಇನ್ನಾರದೋ ಮುಖ ಹುಡುಕುವವಳ ಹಾಗೆ. ಕೊನೆಗೆ ಮೊರವನ್ನು ಒಂದು ಬದಿಗೆ ಸರಿಸಿದಳು.

“ಕೂತ್ಕ. ಇನ್ನೊಂದು ಸಲ ಹೇಳು.”

ಅವನು ಅದೇ ಮೆಟ್ಟಿಲ ಮೇಲೆ ಕೂತ. ಮೂರು ಸಲ ಹೇಳಿದ.

ಅಂದಿನಿಂದ ಹನುಮಂತಪ್ಪ ಸುದ್ದಿ ಒಯ್ಯುವ ರೀತಿಯೇ ಬೇರೆಯಾಯಿತು. ಬಾಗಿಲವರೆಗೆ ಹೋಗುತ್ತಿದ್ದ. “ಮೊದಲು ಕೂತ್ಕಳ್ರಿ” ಎನ್ನುತ್ತಿದ್ದ. ಸತ್ತವರ ಹೆಸರು ಹೇಳುತ್ತಿದ್ದ, ಕೊನೆಯಲ್ಲಿ ಏನು ಉಂಡರು, ಯಾರನ್ನು ನೆನೆದರು ಎಂದು ಹೇಳುತ್ತಿದ್ದ. ಮೇಲಿನಿಂದ ಸುರಿಯುವ ಜೋಳಕ್ಕೆ ಸೆರಗು ಒಡ್ಡಲಿಲ್ಲ. “ಕೈಗೆ ಕೊಟ್ರೆ ತಗಂತೀನಿ, ಇಲ್ಲಾಂದ್ರೆ ಬ್ಯಾಡ ರೀ” ಎನ್ನುತ್ತಿದ್ದ. ಕೆಲವರು ಬಾಗಿಲು ಹಾಕಿಕೊಂಡರು. ಒಂದೆರಡು ಕಡೆ ಏಟೂ ಬಿತ್ತು. ಮುರುಗೇಶಪ್ಪ ಗೌಡರು ಕರೆಸಿ, “ಕಿರಿಸ್ತಾನರ ಸಂಗ ಮಾಡಿ ಕೊಬ್ಬು ಬಂತೇನಲೇ?” ಎಂದು ಗದರಿದರು.

“ಇಲ್ಲ ಗೌಡ್ರೆ,” ಎಂದಿದ್ದ. “ಕೊಬ್ಬಿದ್ರೆ ನಿಮಗಿಂತ ಮ್ಯಾಲೆ ಕೂತ್ಕಂತಿದ್ದೆ. ನನಗೆ ಅದು ಬ್ಯಾಡ. ದೇವರು ಮಾಡಿದಷ್ಟು ಎತ್ತರ ನಿಂತ್ಕಂಡೀನಿ, ಅಷ್ಟೇ.”

ಒಳಗಿನಿಂದ ಗೌಡರ ತಾ​ಯಿ ಸರ್ವಮಂಗಳಮ್ಮ, “ಬಿಡೋ ಮುರುಗೇಶ. ನನ್ನ ತಂಗಿ ಹೋದ ಸುದ್ದಿ ಅವನು ಹೇಳಿದ್ದು ಕೇಳಿದೆ. ಹಂಗೆ ಹೇಳಾಕೆ ನಿನಗೂ ಬರಲ್ಲ,” ಎಂದಿದ್ದಳು.

*

ಪ್ರೇಮಮ್ಮ ಮುಖ ನೋಡಿ ಮುಗಿಸುವವರೆಗೆ ಯಾರೂ ಅವಸರ ಮಾಡಲಿಲ್ಲ. ಆಮೇಲೆ ಮೊಳೆ ಹೊಡೆದರು.

ಹಳ್ಳದ ದಂಡೆಯ ಮಸಣಕ್ಕೆ ಅರ್ಧ ಮೈಲಿ. ಉಪದೇಶಿಗಳು ಮುಂದೆ ಹಾಡು ಎತ್ತಿದರು. ಕೇರಿಯವರಿಗೆ ಅರ್ಧ ಬರುತ್ತಿತ್ತು, ಊರೂರಿನಿಂದ ಬಂದವರಿಗೆ ಒಂದಕ್ಷರವೂ ಬರುತ್ತಿರಲಿಲ್ಲ. ಆದರೂ ಎರಡನೆಯ ಸಲ ಪಲ್ಲವಿ ಬಂದಾಗ ಶಂಕ್ರಮ್ಮ ತನಗೆ ತಿಳಿದ ಯಾವುದೋ ರಾಗದಲ್ಲಿ ಕೂಡಿಕೊಂಡಳು. ಹೊನ್ನಾಳಿಯ ಒಬ್ಬ ಮುದುಕ ದಾರಿಯುದ್ದ ಪಕ್ಕದವನಿಗೆ ಹೇಳುತ್ತಿದ್ದ: “ನಮ್ಮ ಅಣ್ಣ ಹೋದಾಗ ಬಂದಿದ್ದ. ಹೇಳಿದ ಕೂಡ್ಲೆ ಹೋಗಲಿಲ್ಲ ನೋಡು, ನಾನು ಚೊಂಬು ನೀರು ಕುಡಿಯೋ ತನಕ ಕೂತಿದ್ದ.”

ತಿಪ್ಪೇಶಪ್ಪ ಪೆಟ್ಟಿಗೆಯ ಮುಂಗೊನೆ ಹಿಡಿದು ನಡೆಯುತ್ತಿದ್ದ. ಈ ಜನಕ್ಕೆಲ್ಲ ಯಾರೂ ಸುದ್ದಿ ಒಯ್ದಿರಲಿಲ್ಲ. ತಿಪ್ಪೆಯ ಪಕ್ಕ ನಿಂತು ಯಾರೂ ಕೂಗಿರಲಿಲ್ಲ. ಒಬ್ಬರ ಬಾಯಿಂದ ಒಬ್ಬರಿಗೆ ಹೇಳಿಕೊಂಡು ತಾವೇ ಬಂದಿದ್ದರು.

ಮೊನ್ನೆ ಸಂಜೆ, ನೋವು ಸ್ವಲ್ಪ ಬಿಟ್ಟಾಗ, ಅವನು ಅಪ್ಪನನ್ನು ಕೇಳಿದ್ದ. “ನಿಮ್ಮ ಕೆಲಸ ನಾನು ಹಿಡೀಬೇಕಾ?”

ಹನುಮಂತಪ್ಪ ಚಾಪೆಯ ಮೇಲೆ ಹೊರಳಿ ಮಗನ ಮುಖ ನೋಡಿದ. “ನಾನು ಬಿಟ್ಟಿದ್ರೆ ಕೇರಿಯಾಗೆ ಇನ್ನೊಬ್ಬ ಹಿಡೀತಿದ್ದ. ಅವನೂ ತಿಪ್ಪೆ ತಾವ ನಿಲ್ತಿದ್ದ. ಅದಕ್ಕೆ ಬಿಡಲಿಲ್ಲ. ನಿಂದು ನನಗೆ ಗೊತ್ತಿಲ್ಲಪ್ಪ,” ಎಂದ. ಉಸಿರು ತೆಗೆದುಕೊಂಡು, “ಹೆದರಿ ಹ್ಞೂ ಅನ್ನಬ್ಯಾಡ. ಹೆದರಿ ಉಹ್ಞೂಂ ಅಂತಾನೂ ಅನ್ನಬ್ಯಾಡ. ಎದೆಯೊಳಗೆ ಕೈ ಹಾಕಿ ನೋಡ್ಕ. ಹೆದರಿಕೆ ಇಲ್ಲ ಅಂದ್ರೆ ನಿನ್ನ ಬಾಯಿಗೆ ಬಂದಿದ್ದೇ ಸರಿ,” ಎಂದ.

ಗುಂಡಿಗೆ ಇಳಿಸಿದರು. ಉಪದೇಶಿಗಳು ಪ್ರಾರ್ಥಿಸಿದರು. ಭೀಮಕ್ಕ ಮೊದಲ ಹಿಡಿ ಹಾಕಿದಳು. ಪ್ರೇಮಮ್ಮ ಹಾಕಿದಳು, ಶಂಕ್ರಮ್ಮ ಹಾಕಿದಳು, ಮೂವತ್ತು ಜನ ಸಾಲಾಗಿ ಬಂದು ಹಾಕಿದರು. ಉಳಿದದ್ದನ್ನು ತಿಪ್ಪೇಶಪ್ಪ ಸಲಿಕೆಯಲ್ಲಿ ಎಳೆದು ಎಳೆದು ತುಂಬಿದ.

ದಿಬ್ಬವನ್ನು ತಟ್ಟಿ ಸರಿ ಮಾಡುತ್ತಿದ್ದಾಗ ಬೇಲಿಯಾಚೆ ಮುರುಗೇಶಪ್ಪ ಗೌಡರು ಬಂದು ನಿಂತರು. ಕೊಡೆ ಇರಲಿಲ್ಲ. ಕಣ್ಣು ಕೆಂಪಾಗಿದ್ದವು. ಅಲ್ಲಿ ನೆರೆದ ಜನರನ್ನು ನೋಡಿ, ಅವರಲ್ಲಿ ತಮ್ಮದೇ ನೆಂಟರ ಮುಖಗಳನ್ನು ಗುರುತಿಸಿ, ಅವರು ಒಂದು ಗಳಿಗೆ ತಬ್ಬಿಬ್ಬಾದರು.

“ತಿಪ್ಪಾ,” ಎಂದರು. “ಅವ್ವಂಗೆ ಮೇಲುಸಿರು ಶುರುವಾಗೈತೆ. ರಾತ್ರಿ ದಾಟಲ್ಲ. ಜಗಳೂರಿಗೆ ಈಗ ಹೊರಟ್ರೆ ಬೆಳಿಗ್ಗೆಗೆ ಮುಟ್ತೀಯ. ನಡಿ.”

ತಿಪ್ಪೇಶಪ್ಪ ಸಲಿಕೆಯನ್ನು ನೆಲಕ್ಕೆ ಊರಿದ. ಮೂಕಮ್ಮ ಅವನ ಕತ್ತನ್ನೇ ನೋಡುತ್ತಿದ್ದಳು.

“ಗೌಡ್ರೆ,” ಎಂದ. “ಬೆಳಿಗ್ಗೆ ನಾನು ತಲೆ ಆಡಿಸಿದ್ದು ತಪ್ಪು. ಆ ಕೆಲಸ ನಾನು ಮಾಡಲ್ಲ. ತಂತಿ ಕೊಡ್ರಿ, ಜಲ್ದಿ ಮುಟ್ತೈತೆ.”

“ತಂತಿ ಕಂಡ್ರೆ ನಮ್ಮಕ್ಕ ಬಾಗಿಲಾಗೇ ಬಿದ್ದು ಹೋಗ್ತಾಳೆ. ಕೂರಿಸಿ ಹೇಳಬೇಕು. ನಿಮ್ಮಪ್ಪ ಹೇಳ್ತಿದ್ದಂಗೆ.”

“ಅವರಕ್ಕನಿಗೆ ತಮ್ಮನೇ ಹೋಗಿ ಹೇಳಬೇಕು,” ಎಂದಳು ಪ್ರೇಮಮ್ಮ, ಯಾರ ಕಡೆಗೂ ನೋಡದೆ.

ಗೌಡರ ಮುಖ ಬಿಗಿಯಿತು. “ಮಿಷನ್ನು ನನ್ನ ಜಗಲಿ ಮ್ಯಾಲೈತೆ. ನೆನಪೈತಲ್ಲ?”

“ಐತೆ. ನಾಳೆ ಬಂದು ಎತ್ಕಂಡು ಹೋಗ್ತೀನಿ.”

ಹೇಳಿದ ಮೇಲೆ ತಿಪ್ಪೇಶಪ್ಪ ಅಪ್ಪ ಹೇಳಿದ ಹೆದರಿಕೆಯನ್ನು ತನ್ನೊಳಗೆ ಹುಡುಕಿದ. ಇಷ್ಟು ವರ್ಷ ಅದು ಇರುತ್ತಿದ್ದ ಜಾಗಗಳಲ್ಲೆಲ್ಲ ಹುಡುಕಿದ. ಸಿಗಲಿಲ್ಲ. ಗೌಡರ ಮೀಸೆಯಲ್ಲಿ ಅರ್ಧದಷ್ಟು ಬಿಳಿ ಬಂದಿರುವುದು ಕಂಡಿತು. ಅವರ ಗಲ್ಲ ನಡುಗುತ್ತಿರುವುದೂ, ತಾಯಿ ಸಾಯುತ್ತಿರುವ ಮಗನ ಹಾಗೆ ಅವರು ನಿಂತಿರುವುದೂ ಕಂಡಿತು. ಅವನಿಗೆ ಅವರ ಮೇಲೆ ಸಿಟ್ಟು ಬರಲಿಲ್ಲ.

“ಅವ್ವಾರಿಗೆ ಹಂಗೇನಾರ ಆದ್ರೆ ನಾನು ಬರ್ತೀನಿ ಗೌಡ್ರೆ,” ಎಂದ. “ಯಾರೂ ಕರೀದೆ ಇದ್ರೂ ಬರ್ತೀನಿ. ಹೆಗಲು ಕೊಡು ಅಂದ್ರೆ ಹೆಗಲು ಕೊಡ್ತೀನಿ.”

ಗೌಡರು ಬೇಲಿಯ ಗೂಟವನ್ನು ಹಿಡಿದುಕೊಂಡರು. ಅವರ ದನಿ ಇಳಿದಿತ್ತು.

“ಒಂದೇ ಸಲ, ತಿಪ್ಪೇಶಪ್ಪ. ನಮ್ಮವ್ವಂದು ಒಂದೇ ಒಂದು ಸಲ ಒಯ್ದುಬಿಡು.”

ಹಳ್ಳದ ಮೇಲಿನ ಬಿಸಿಲು ಓರೆಯಾಗಿ ಅವನ ಮೇಲೆ ಬಿದ್ದಿತ್ತು; ಹೊಸ ಮಣ್ಣಿನ ದಿಬ್ಬದಾಚೆಗೆ ಅವನ ನೆರಳು ಉದ್ದಕ್ಕೆ ಚಾಚಿ, ಬೇಲಿ ದಾಟಿ, ಗೌಡರ ಪಾದದವರೆಗೂ ಹೋಗಿತ್ತು. ಗೌಡರು ಕಾಲು ಹಿಂದಕ್ಕೆ ತೆಗೆಯಲಿಲ್ಲ.

“ಇಲ್ಲ ಗೌಡ್ರೆ,” ಎಂದ ತಿಪ್ಪೇಶಪ್ಪ. “ಒಂದು ಸಲಾನೂ ಇಲ್ಲ.”